‘ಸಹಿ ಅಗತ್ಯವಿಲ್ಲ’ ಎಂದು ಬರೆದ ಆಸ್ಪತ್ರೆ ಕಾಗದ: ವೈದ್ಯರ ಎಲೆಕ್ಟ್ರಾನಿಕ್ ಸಹಿಗೆ ಕಾನೂನಿನ ಬಲ ಎಷ್ಟು?

ಮಂಗಳೂರಿನಲ್ಲೋ ಮಣಿಪಾಲದಲ್ಲೋ ಚಿಕಿತ್ಸೆ ಮುಗಿಸಿ ಕಾರ್ಕಳಕ್ಕೆ, ಬೈಂದೂರಿಗೆ, ಕಾಸರಗೋಡಿಗೆ ಹೊರಟವರ ಫೈಲಿನಲ್ಲಿ ಈಗ ಮೂರು ಬಗೆಯ ಕಾಗದ ಸಿಗುತ್ತದೆ. ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ ವೈದ್ಯರ ಹೆಸರಿನ ಮೇಲೆ ನೀಲಿ ಸಹಿ ಇರುತ್ತದೆ. ಬೆರಳು ಆಡಿಸಿದರೆ ಪೆನ್ನಿನ ಒತ್ತು ಸಿಗುವುದಿಲ್ಲ, ಅದು ಅಚ್ಚಾದ ಚಿತ್ರ. ರಕ್ತಪರೀಕ್ಷೆಯ ವರದಿಯ ಅಡಿಯಲ್ಲಿ ‘ಇದು ಕಂಪ್ಯೂಟರಿನಲ್ಲಿ ತಯಾರಾದ ವರದಿ, ಸಹಿ ಅಗತ್ಯವಿಲ್ಲ’ ಎಂಬ ಸಾಲು. ಮದ್ದಿನ ಚೀಟಿ ವಾಟ್ಸಾಪ್‌ನಲ್ಲಿ ಪಿಡಿಎಫ್ ಆಗಿ ಬಂದಿದೆ, ಅದರ ಮೂಲೆಯಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ. ಇದನ್ನೆಲ್ಲ ತೆಗೆದುಕೊಂಡು ವಿಮೆಯ ಕ್ಲೇಮಿಗೆ ಹೋದರೆ, ‘ಡಾಕ್ಟರ ಸೈನ್, ಸೀಲ್ ಹಾಕಿಸಿಕೊಂಡು ಬನ್ನಿ’ ಎಂಬ ಉತ್ತರ ಬರುವುದುಂಟು.

ಇದರ ನಡುವೆ ಸುದ್ದಿಯೊಂದು ಗೊಂದಲ ಹೆಚ್ಚಿಸಿದೆ. ಓದಲಾಗುವ ಮದ್ದಿನ ಚೀಟಿ ಪಡೆಯುವುದು ರೋಗಿಯ ಮೂಲಭೂತ ಹಕ್ಕಿನ ಭಾಗ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿ, 2 ವರ್ಷದೊಳಗೆ ಕಂಪ್ಯೂಟರ್ ಚೀಟಿಗೆ ಬದಲಾಗಬೇಕು, ಅಲ್ಲಿಯ ತನಕ ಇಂಗ್ಲಿಷಿನ ದೊಡ್ಡ (ಕ್ಯಾಪಿಟಲ್) ಅಕ್ಷರಗಳಲ್ಲಿ ಬರೆಯಬೇಕು ಎಂದಿತು. ಆ ಆದೇಶಕ್ಕೆ ಕರ್ನಾಟಕ ನೇರವಾಗಿ ಒಳಪಡುವುದಿಲ್ಲ, ಆದರೆ ದೇಶ ಯಾವ ದಿಕ್ಕಿಗೆ ಹೊರಟಿದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಕೈಬರಹ ಹೋಗಿ ಅಚ್ಚಿನ ಅಕ್ಷರ ಬಂದರೆ ಓದುವ ಕಷ್ಟ ತೀರುತ್ತದೆ, ಸರಿ. ಆದರೆ ಅದನ್ನು ಬರೆದದ್ದು ಆ ವೈದ್ಯರೇ ಎಂದು ಹೇಳುವವರು ಯಾರು?

ಗೊಂದಲದ ಬೇರು

ವೈದ್ಯರ ಸಹಿಯ ಬಗ್ಗೆ ಒಂದೇ ಒಂದು ಕಾನೂನು ಇಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಮಾಡಿದ ಕಾನೂನುಗಳು ಒಂದೇ ಕಾಗದದ ಮೇಲೆ ಬಂದು ಕೂತಿವೆ.

1945ರ ಔಷಧ ನಿಯಮಗಳ 65ನೇ ನಿಯಮ ಮದ್ದಿನ ಚೀಟಿ ಲಿಖಿತವಾಗಿರಬೇಕು, ಕೊಡುವವರ ‘ಎಂದಿನ ಸಹಿ’ ಇರಬೇಕು, ದಿನಾಂಕ ಇರಬೇಕು ಎನ್ನುತ್ತದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಅದೇ ಚೀಟಿಯನ್ನು ‘ಲಿಖಿತ ಅಥವಾ ಎಲೆಕ್ಟ್ರಾನಿಕ್ ಸೂಚನೆ’ ಎಂದು ವಿವರಿಸುತ್ತದೆ. ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ಸಂಬಂಧಿಸಿದ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ನಿಯಮಗಳದ್ದು ಬೇರೆಯೇ ದಾರಿ: ದಾಖಲೆ ಕಂಪ್ಯೂಟರಿನಲ್ಲಿದ್ದರೂ ಅದರ ಪ್ರಿಂಟ್ ತೆಗೆದು, ಹೊಣೆ ಹೊತ್ತವರು ದೃಢೀಕರಿಸಿ ಇಡಬೇಕು. ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಎಲ್ಲ ಡಿಜಿಟಲ್ ಆದ ಮೇಲೂ, ಗರ್ಭಿಣಿಯ ಸ್ಕ್ಯಾನಿಂಗ್ ವಿವರ ತುಂಬುವ ಫಾರ್ಮ್ ಎಫ್ ಕಾಗದದ ಕಟ್ಟು ಉಳಿದಿರುವುದು ಇದಕ್ಕೇ.

ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ. ಕಂಪ್ಯೂಟರೀಕರಣಕ್ಕೆ ‘ಪ್ರಯತ್ನ ಮಾಡಬೇಕು’ ಎಂದಷ್ಟೇ ಅದರ ಮಾತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ ಆರಂಭದಲ್ಲಿ ಹೊಸ ನಿಯಮಾವಳಿ ತಂದು ದಾಖಲೆಗಳ ಡಿಜಿಟಲೀಕರಣಕ್ಕೆ ಗಡುವು ಹಾಕಿತ್ತು. ಬೇರೆ ಕಾರಣಗಳಿಗೆ ವಿರೋಧ ಬಂದು ಅದೇ ತಿಂಗಳು ಇಡೀ ನಿಯಮಾವಳಿಯನ್ನೇ ತಡೆಹಿಡಿಯಲಾಯಿತು, 2002ರದ್ದೇ ಮತ್ತೆ ಜಾರಿಗೆ ಬಂತು. ಹೀಗಾಗಿ ಇಂದಿನ ಆಸ್ಪತ್ರೆ ಸಾಫ್ಟ್‌ವೇರಿನೊಳಗೆ ಕುಳಿತ ವೈದ್ಯರನ್ನು 2002ರ ನಿಯಮ ಆಳುತ್ತಿದೆ.

ಈ ಎಲ್ಲವನ್ನೂ ಒಟ್ಟಿಗೆ ಹಿಡಿದಿರುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ, 2000. ಯಾವುದೇ ಕಾನೂನು ಸಹಿ ಕೇಳಿದರೆ, ನಿಗದಿತ ರೀತಿಯ ಎಲೆಕ್ಟ್ರಾನಿಕ್ ಸಹಿ ಅದನ್ನು ಪೂರೈಸುತ್ತದೆ ಎಂದು ಅದರ 5ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಅನ್ವಯಿಸದ ದಾಖಲೆಗಳ ಪಟ್ಟಿಯೊಂದು ಇದೆ. ಉಯಿಲು ಅದರಲ್ಲಿದೆ, ಆಸ್ಪತ್ರೆ ದಾಖಲೆ ಇಲ್ಲ. (ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಉಯಿಲು ಬರೆಸುವವರು, ಸಾಕ್ಷಿ ಹಾಕುವ ವೈದ್ಯರು ಈಗಲೂ ಪೆನ್ನನ್ನೇ ಹಿಡಿಯಬೇಕು.) ಹಾಗಾಗಿ ವೈದ್ಯರ ಎಲೆಕ್ಟ್ರಾನಿಕ್ ಸಹಿ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ, ನಡೆಯುತ್ತದೆ. ತಕರಾರು ಇರುವುದು ಯಾವುದನ್ನು ಎಲೆಕ್ಟ್ರಾನಿಕ್ ಸಹಿ ಎನ್ನಬೇಕು ಎಂಬುದರಲ್ಲಿ.

ಕಾಯ್ದೆ ಕೇಳುವ ನಾಲ್ಕು ಪ್ರಶ್ನೆ

2008ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 3ಎ, ಒಂದು ಸಹಿಯನ್ನು ನಂಬಬಹುದೇ ಎಂದು ತಿಳಿಯಲು ನಾಲ್ಕು ವಿಷಯ ನೋಡುತ್ತದೆ. ಸಹಿ ಹಾಕುವ ಸಾಧನ ಆ ವ್ಯಕ್ತಿಗೆ ಮಾತ್ರ ಸೇರಿದ್ದೇ? ಸಹಿ ಹಾಕುವ ಹೊತ್ತಿಗೆ ಅದು ಅವರ ಹಿಡಿತದಲ್ಲೇ ಇತ್ತೇ? ಆಮೇಲೆ ಸಹಿಯನ್ನು ಯಾರಾದರೂ ಬದಲಿಸಿದರೆ ಗೊತ್ತಾಗುತ್ತದೆಯೇ? ಸಹಿ ಬಿದ್ದ ಮೇಲೆ ಒಳಗಿನ ವಿಷಯ ಬದಲಿಸಿದರೆ ಗೊತ್ತಾಗುತ್ತದೆಯೇ? ಇಷ್ಟೂ ಇದ್ದರೆ ಸಾಲದು, ಆ ವಿಧಾನ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಸೇರಿರಬೇಕು. ಆಧಾರ್ ಮೂಲಕ ಓಟಿಪಿ ಅಥವಾ ಬೆರಳಚ್ಚು ಕೊಟ್ಟು ಹಾಕುವ ಇ-ಸೈನ್ 2015ರಿಂದ ಹೀಗೆ ಸೇರಿದ್ದು. ಇದಲ್ಲದೆ ಮೊದಲಿನಿಂದಲೂ ಇರುವುದು ಡಿಜಿಟಲ್ ಸಹಿ: ಪರವಾನಗಿ ಪಡೆದ ಪ್ರಾಧಿಕಾರದಿಂದ ಪ್ರಮಾಣಪತ್ರ ಪಡೆದು, ಪೆನ್‌ಡ್ರೈವ್‌ನಂಥ ಟೋಕನ್ ಸಿಕ್ಕಿಸಿ, ಪಿನ್ ಒತ್ತಿ ಹಾಕುವಂಥದ್ದು. ಆದಾಯ ತೆರಿಗೆ ಲೆಕ್ಕಪತ್ರ ಸಲ್ಲಿಸುವ ಸಿ.ಎ.ಗಳ ಕಚೇರಿಯಲ್ಲಿ ಇದನ್ನು ಕಂಡಿರುತ್ತೀರಿ.

ಡಿಜಿಟಲ್ ಸಹಿ ಒಳಗೆ ಮಾಡುವ ಕೆಲಸ ಹೀಗೆ. ದಾಖಲೆಯಲ್ಲಿರುವ ಪ್ರತಿ ಅಕ್ಷರವನ್ನೂ ಲೆಕ್ಕಕ್ಕೆ ಹಿಡಿದು ಒಂದು ಸಂಖ್ಯೆ ಹುಟ್ಟುತ್ತದೆ, ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಆ ಸಂಖ್ಯೆಗೆ ವೈದ್ಯರ ಗುಟ್ಟಿನ ಕೀಲಿಯಿಂದ ಬೀಗ ಬೀಳುತ್ತದೆ. ಮರುದಿನ ಯಾರಾದರೂ ‘0.5 ಮಿ.ಗ್ರಾಂ’ ಎಂಬುದರ ಸೊನ್ನೆ, ಚುಕ್ಕಿ ಅಳಿಸಿ ‘5 ಮಿ.ಗ್ರಾಂ’ ಮಾಡಿದರೆ ಹ್ಯಾಶ್ ಹೊಂದುವುದಿಲ್ಲ. ಸಹಿ ಕೆಟ್ಟಿದೆ ಎಂದು ಯಾವ ಕಂಪ್ಯೂಟರ್ ಬೇಕಾದರೂ ತೋರಿಸುತ್ತದೆ. ಶಾಯಿಯ ಸಹಿಗೂ ಈ ಗುಣ ಇಲ್ಲ. ಕಾಗದದಲ್ಲಿ ಸಹಿಯ ಮೇಲಿನ ಸಾಲನ್ನು ತಿದ್ದಿದರೆ ಸಹಿ ಮೊದಲಿನ ಹಾಗೇ ಇರುತ್ತದೆ.

ಸಹಿಯ ಚಿತ್ರ

ಈಗ ಡಿಸ್ಚಾರ್ಜ್ ಸಮ್ಮರಿಯ ನೀಲಿ ಸಹಿಗೆ ಬರೋಣ. ವೈದ್ಯರು ಒಮ್ಮೆ ಬಿಳಿ ಹಾಳೆಯಲ್ಲಿ ಸಹಿ ಮಾಡಿ ಕೊಟ್ಟಿರುತ್ತಾರೆ, ಅದನ್ನು ಸ್ಕ್ಯಾನ್ ಮಾಡಿ ಸಾಫ್ಟ್‌ವೇರಿಗೆ ಹಾಕಿರುತ್ತಾರೆ. ಅಲ್ಲಿಂದ ಮುಂದೆ ಪ್ರಿಂಟ್ ಕೊಟ್ಟಾಗಲೆಲ್ಲ ಸಹಿ ತಾನಾಗಿ ಬೀಳುತ್ತದೆ. ವೈದ್ಯರು ರಜೆಯಲ್ಲಿದ್ದರೂ ಬೀಳುತ್ತದೆ. ಮೇಲಿನ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಈ ಚಿತ್ರ ‘ಹೌದು’ ಎನ್ನಲಾರದು. ಕಣ್ಣಿಗೆ ಹೆಚ್ಚು ಸಹಿಯಂತೆ ಕಾಣುವುದು ಇದೇ, ಕಾನೂನಿನಲ್ಲಿ ಅತ್ಯಂತ ದುರ್ಬಲವೂ ಇದೇ.

ಇಲ್ಲೊಂದು ಸೂಕ್ಷ್ಮ ಇದೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ, ಸಹಿ ಮಾಡಿದ ಚೀಟಿಯ ಫೋಟೊ ಅಥವಾ ಸ್ಕ್ಯಾನ್ ಪ್ರತಿಯನ್ನು ರೋಗಿಗೆ ಕಳುಹಿಸಬಹುದು ಎನ್ನುತ್ತದೆ. ಅಂದರೆ ಕುಂದಾಪುರದ ರೋಗಿಗೆ ಮಂಗಳೂರಿನ ವೈದ್ಯರು ಕೈಯಾರೆ ಚೀಟಿ ಬರೆದು, ಸಹಿ ಹಾಕಿ, ಫೋಟೊ ತೆಗೆದು ಕಳುಹಿಸಿದರೆ ಅದು ಕ್ರಮಬದ್ಧ. ಏಕೆಂದರೆ ಆ ಸಹಿ ಆ ಚೀಟಿಗೆಂದೇ ಹಾಕಿದ್ದು, ಮೂಲ ಕಾಗದ ವೈದ್ಯರ ಬಳಿ ಇದೆ. ಸಾವಿರ ಕಾಗದಕ್ಕೆ ಅಂಟಿಸಲು ಎತ್ತಿಟ್ಟ ಸಹಿಯ ಚಿತ್ರಕ್ಕೆ ಈ ಮೂಲವೇ ಇಲ್ಲ. ಫೋನಿನ ಪರದೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಇದರ ಪರಿಣಾಮ ಹೆಚ್ಚು ಕಾಣುವುದು ಲ್ಯಾಬ್ ವರದಿಗಳಲ್ಲಿ. ಲ್ಯಾಬ್ ವರದಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಇರುವ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿತು. ಸಹಿಯ ಚಿತ್ರವೇ ಸಾಕು ಎಂದಾದರೆ ಒಬ್ಬ ತಜ್ಞರ ಚಿತ್ರವನ್ನು ಇಟ್ಟುಕೊಂಡು, ಅವರು ಕಾಲಿಡದ ಹತ್ತು ಲ್ಯಾಬುಗಳು ವರದಿ ಕೊಡಬಹುದು. ಯಾರೂ ನೋಡದ ಸ್ಲೈಡಿಗೆ ತಜ್ಞರ ಹೆಸರು ಬೀಳುತ್ತದೆ. ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂಬುದು ಆ ಹಾಳೆಯ ಮೇಲೆ ನಿರ್ಧಾರವಾಗುತ್ತದೆ. ‘ಸಹಿ ಅಗತ್ಯವಿಲ್ಲ’ ಎಂಬ ಸಾಲಿಗೂ ಇದೇ ಮಾತು. ಹಾಗೆ ಅಚ್ಚು ಹಾಕಿದ ಮಾತ್ರಕ್ಕೆ ಕಾನೂನು ಕೇಳುವ ಸಹಿಯಿಂದ ಯಾರಿಗೂ ವಿನಾಯಿತಿ ಸಿಗುವುದಿಲ್ಲ.

ಲಾಗಿನ್ ಎಂಬ ಹೆಸರಿಲ್ಲದ ಸಹಿ

ಆಸ್ಪತ್ರೆಯೊಳಗೆ ನಿಜವಾಗಿ ನಡೆಯುವುದು ಚಿತ್ರವೂ ಅಲ್ಲ, ಟೋಕನ್ನೂ ಅಲ್ಲ. ವೈದ್ಯರು ತಮ್ಮ ಹೆಸರು, ಪಾಸ್‌ವರ್ಡ್ ಹಾಕಿ ಒಳಹೋಗುತ್ತಾರೆ, ಟಿಪ್ಪಣಿ ಬರೆಯುತ್ತಾರೆ, ‘ಸೇವ್’ ಒತ್ತುತ್ತಾರೆ. ಯಾರ ಲಾಗಿನ್‌ನಿಂದ, ಎಷ್ಟು ಗಂಟೆಗೆ, ಯಾವ ಕಂಪ್ಯೂಟರಿನಿಂದ ಬರೆಯಲಾಯಿತು ಎಂಬುದು ಹಿಂದೆ ಲಾಗ್‌ನಲ್ಲಿ ದಾಖಲಾಗುತ್ತದೆ. ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಎನ್‌ಎಬಿಎಚ್ ಕೇಳುವುದೂ ಇದನ್ನೇ: ಪ್ರತಿ ಟಿಪ್ಪಣಿಗೆ ದಿನಾಂಕ, ಸಮಯ ಇರಬೇಕು, ಬರೆದವರು ಯಾರೆಂದು ಗುರುತಿಸಲು ಆಗಬೇಕು.

ಆದರೆ ಪಾಸ್‌ವರ್ಡ್ ಲಾಗಿನ್ ಎರಡನೇ ಅನುಸೂಚಿಯಲ್ಲಿಲ್ಲ. ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಅದು ‘ಎಲೆಕ್ಟ್ರಾನಿಕ್ ಸಹಿ’ ಅಲ್ಲ. ಹಾಗೆಂದು ಆ ಟಿಪ್ಪಣಿ ರದ್ದಿಯೂ ಅಲ್ಲ. ಎಲೆಕ್ಟ್ರಾನಿಕ್ ದಾಖಲೆಗೆ ಐಟಿ ಕಾಯ್ದೆಯ 4ನೇ ಸೆಕ್ಷನ್ ಮಾನ್ಯತೆ ಕೊಟ್ಟಿದೆ. ಸಹಿ ಬೇಕೇ ಬೇಕು ಎಂದು ಬೇರೆ ಕಾನೂನು ಹೇಳದ ಕಡೆ ಸಹಿ ಇಲ್ಲದ ದಾಖಲೆಯೂ ಸಾಕ್ಷ್ಯವಾಗಬಹುದು. ಯುರೋಪ್ ಒಕ್ಕೂಟದ 2014ರ ನಿಯಮ ಸಹಿಯನ್ನು ಸರಳ, ಸುಧಾರಿತ, ಅರ್ಹ ಎಂದು ಮೂರು ಮೆಟ್ಟಿಲಾಗಿ ಮಾಡಿದೆ. ನಮ್ಮಲ್ಲಿ ಮೇಲಿನ ಮೆಟ್ಟಿಲಿಗೆ ಮಾತ್ರ ಹೆಸರಿದೆ. ದಿನವಿಡೀ ಎಲ್ಲರೂ ನಿಂತಿರುವ ಕೆಳಗಿನ ಮೆಟ್ಟಿಲಿಗೆ ಹೆಸರೂ ಇಲ್ಲ, ನಿಯಮವೂ ಇಲ್ಲ. ಎಲ್ಲ ತೊಡಕಿನ ನಡುವೆ ನಿಜವಾದ ಕೊರತೆ ಇದೇ ಎನ್ನಬೇಕು.

ಹೀಗೊಂದು ರಾತ್ರಿಯನ್ನು ಊಹಿಸಿಕೊಳ್ಳಿ. ವಾರ್ಡಿನ ನರ್ಸಿಂಗ್ ಸ್ಟೇಷನ್‌ನಲ್ಲಿ ಒಂದು ಕಂಪ್ಯೂಟರ್. ಸಂಜೆ ರೌಂಡ್ಸಿಗೆ ಬಂದ ಹಿರಿಯ ವೈದ್ಯರ ಲಾಗಿನ್ ತೆರೆದೇ ಉಳಿದಿದೆ. ರಾತ್ರಿ 2 ಗಂಟೆ 10 ನಿಮಿಷಕ್ಕೆ ರೋಗಿಯ ಬಿ.ಪಿ. ಇಳಿಯುತ್ತದೆ. ಡ್ಯೂಟಿಯಲ್ಲಿದ್ದ ಪಿ.ಜಿ. (ಸ್ನಾತಕೋತ್ತರ ಓದುತ್ತಿರುವ ಕಿರಿಯ ವೈದ್ಯರು) ಓಡಿ ಬಂದು ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟು, ಹಿರಿಯರಿಗೆ ಫೋನ್ ಮಾಡಿ ಸಲಹೆ ಕೇಳುತ್ತಾರೆ. ಬರೆಯಲು ಪುರುಸೊತ್ತು ಸಿಕ್ಕಿದ್ದು ಬೆಳಿಗ್ಗೆ 9.40ಕ್ಕೆ, ಅದೂ ತೆರೆದಿದ್ದ ಆ ಲಾಗಿನ್‌ನಲ್ಲೇ. ಅವರು ಬರೆದ ಒಂದೊಂದು ಮಾತೂ ನಿಜ. ಆದರೆ ದಾಖಲೆಯ ಪ್ರಕಾರ ಮನೆಯಲ್ಲಿ ಮಲಗಿದ್ದ ಹಿರಿಯರು ರೋಗಿಯನ್ನು ನೋಡಿದ್ದಾರೆ, ನೋಡಿ ಏಳೂವರೆ ಗಂಟೆಯ ನಂತರ ಬರೆದಿದ್ದಾರೆ. ಮುಂದೆ ತಕರಾರು ಬಂದರೆ ಒಳ್ಳೆಯ ಚಿಕಿತ್ಸೆಯೇ ಸಂಶಯಕ್ಕೆ ಗುರಿಯಾಗುತ್ತದೆ. ಪಿ.ಜಿ. ತಮ್ಮದೇ ಲಾಗಿನ್‌ನಲ್ಲಿ ‘ತಡವಾಗಿ ಬರೆದದ್ದು, ಘಟನೆ 2.10ಕ್ಕೆ’ ಎಂದು ನಮೂದಿಸಿದ್ದರೆ ಅದೇ ದಾಖಲೆ ಅವರನ್ನು ಕಾಯುತ್ತಿತ್ತು.

ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿ ಅಥವಾ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಐಟಿ ಕಾಯ್ದೆಯ 66ಸಿ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ. ಮೇಲಿನ ಪಿ.ಜಿ.ಯಲ್ಲಿ ಮೋಸದ ಉದ್ದೇಶ ಇಲ್ಲದ್ದರಿಂದ ಆ ಸೆಕ್ಷನ್ ಅವರಿಗೆ ತಾಗುವುದು ಕಷ್ಟ. ಆದರೆ ಟೋಕನ್ ಹೊಂದಿದ ವೈದ್ಯರಿಗೆ 42ನೇ ಸೆಕ್ಷನ್ ನೇರವಾಗಿ ತಾಗುತ್ತದೆ. ಕೀಲಿಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವುದು ಅದನ್ನು ಪಡೆದವರ ಕರ್ತವ್ಯ. ಕೈತಪ್ಪಿದರೆ ಪ್ರಮಾಣಪತ್ರ ಕೊಟ್ಟ ಪ್ರಾಧಿಕಾರಕ್ಕೆ ತಿಳಿಸುವ ತನಕ ಹೊಣೆ ಅವರದೇ. ಟೋಕನನ್ನು ಕ್ಲರ್ಕ್ ಕೈಗೆ ಕೊಟ್ಟು, ಪಿನ್ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ ವೈದ್ಯರು ‘ನಾನು ಹಾಕಿದ್ದಲ್ಲ’ ಎಂದು ಪಾರಾಗುವುದು ಸುಲಭವಲ್ಲ.

ಕೋರ್ಟಿನಲ್ಲಿ ಯಾವುದು ನಿಲ್ಲುತ್ತದೆ

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಹಾಜರುಪಡಿಸಲು ಅದರ 63ನೇ ಸೆಕ್ಷನ್ ಪ್ರಮಾಣಪತ್ರ ಕೇಳುತ್ತದೆ. ಹಳೆಯ ಕಾಯ್ದೆಯ 65ಬಿ ಇದರ ಪೂರ್ವರೂಪ. ಆ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತರಾವ್ ಖೋಟ್ಕರ್ ಪ್ರಕರಣದಲ್ಲಿ 2020ರಲ್ಲೇ ಖಚಿತಪಡಿಸಿತ್ತು. ಹೊಸ ನಮೂನೆಯಲ್ಲಿ ಎರಡು ಭಾಗ ಇವೆ. ಒಂದಕ್ಕೆ ದಾಖಲೆ ಇಟ್ಟುಕೊಂಡವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು, ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಆಸ್ಪತ್ರೆಗಳ ವೈದ್ಯಕೀಯ ದಾಖಲೆ ವಿಭಾಗಕ್ಕೆ ಇದು ಹೊಸ ಕೆಲಸ. ಕೇಸ್ ಶೀಟನ್ನು ಜೆರಾಕ್ಸ್ ಮಾಡಿ ‘ನಕಲು ಪ್ರತಿ’ ಎಂದು ಸೀಲು ಒತ್ತಿ ಕಳುಹಿಸುವ ರೂಢಿ ಪರದೆಯ ದಾಖಲೆಗೆ ಸಾಲದು.

ಸಹಿಯ ಬಗೆ ಇಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ದಾಖಲೆಯಲ್ಲಿ ‘ಸುರಕ್ಷಿತ ಎಲೆಕ್ಟ್ರಾನಿಕ್ ಸಹಿ’ (ಸಹಿದಾರರ ಹಿಡಿತದಲ್ಲಷ್ಟೇ ಇದ್ದ ಕೀಲಿಯಿಂದ ಹಾಕಿದ ಸಹಿ) ಇದ್ದರೆ, ಆ ಸಹಿದಾರರು ಸಹಿ ಹಾಕುವ ಉದ್ದೇಶದಿಂದಲೇ ಅದನ್ನು ಹಾಕಿದ್ದಾರೆ ಎಂದು ನ್ಯಾಯಾಲಯ ಮೊದಲಿಗೇ ಭಾವಿಸಿಕೊಳ್ಳುತ್ತದೆ. ಅದೇ ಅಧಿನಿಯಮದ 86ನೇ ಸೆಕ್ಷನ್ ಹಾಗೆ ಹೇಳುತ್ತದೆ. ಅಲ್ಲ ಎನ್ನುವವರು ಸಾಬೀತು ಮಾಡಬೇಕು. ಬರೀ ಲಾಗಿನ್ ಇದ್ದರೆ ಈ ಅನುಕೂಲ ಇಲ್ಲ: ವೈದ್ಯರು ಬಂದು ‘ನಾನೇ ಬರೆದದ್ದು’ ಎನ್ನಬೇಕು, ಲಾಗ್ ತೆಗೆಯಬೇಕು, ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಿರಲಿಲ್ಲ ಎಂದು ತೋರಿಸಬೇಕು. ಗ್ರಾಹಕ ಆಯೋಗದಲ್ಲಿ ಸಾಕ್ಷ್ಯ ಕಾನೂನು ಅಕ್ಷರಶಃ ಅನ್ವಯಿಸುವುದಿಲ್ಲವಾದರೂ ದಾಖಲೆಯ ಮೇಲೆ ನಂಬಿಕೆ ಹುಟ್ಟಬೇಕಾದ್ದು ಅಲ್ಲಿಯೂ ಹೌದು. ಮಂಗಳೂರು, ಉಡುಪಿಗಳ ಆಯೋಗದ ಮುಂದೆ ಬರುವ ರೋಗಿಯ ಮನೆಯವರಿಗಾಗಲಿ ವೈದ್ಯರಿಗಾಗಲಿ ಕೊನೆಗೆ ಆಧಾರ ಆ ಕೇಸ್ ಶೀಟೇ.

ಯಾರ ವಾದ ಏನು

ಹಾಗಿದ್ದರೆ ಎಲ್ಲರೂ ಟೋಕನ್ ಹಿಡಿಯಲಿ ಎನ್ನಬಹುದಲ್ಲ? ವೈದ್ಯರ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಒಬ್ಬ ಒಳರೋಗಿಯ ದಾಖಲೆಯಲ್ಲಿ ದಿನಕ್ಕೆ ಹತ್ತಾರು ಟಿಪ್ಪಣಿ ಇರುತ್ತವೆ. ಪ್ರತಿಯೊಂದಕ್ಕೂ ಓಟಿಪಿ ಕಾಯುತ್ತ ಕೂತರೆ ರೋಗಿಯನ್ನು ನೋಡುವವರು ಯಾರು? ಐಸಿಯುನಲ್ಲಿ ಕೈಗವಸು ಹಾಕಿಕೊಂಡವರು ಮೊಬೈಲ್ ತೆಗೆಯುವುದು ಹೇಗೆ? ಬ್ರಹ್ಮಾವರದಲ್ಲೋ ಹೆಬ್ರಿಯಲ್ಲೋ ಒಬ್ಬರೇ ನಡೆಸುವ ಕ್ಲಿನಿಕ್ಕಿಗೆ ಪ್ರಮಾಣಪತ್ರದ ಖರ್ಚು, ಅದರ ನವೀಕರಣ ಎಲ್ಲವೂ ಹೊರೆಯೇ. ಒತ್ತಾಯ ಹೆಚ್ಚಿದಷ್ಟೂ ಟೋಕನ್ ಕ್ಲರ್ಕ್ ಕೈಗೆ ಹೋಗುತ್ತದೆ, ಅಲ್ಲಿಗೆ ಸಹಿಯ ಅರ್ಥವೇ ಹೋಯಿತು.

ಕೆಲವು ಸಂಸ್ಥೆಗಳಿಗೆ ಇನ್ನೊಂದು ದಾರಿ ಹಿಡಿಸುತ್ತದೆ: ಸಂಸ್ಥೆಯ ಹೆಸರಿನಲ್ಲಿ ಪ್ರಮಾಣಪತ್ರ ಪಡೆದು ಸಾಫ್ಟ್‌ವೇರೇ ತಾನಾಗಿ ಸಹಿ ಹಾಕುವುದು. ಇದರಿಂದ ‘ಈ ಕಾಗದ ಈ ಆಸ್ಪತ್ರೆಯದ್ದು, ಆಮೇಲೆ ತಿದ್ದಿಲ್ಲ’ ಎಂಬುದು ಗಟ್ಟಿಯಾಗುತ್ತದೆ. ‘ಈ ರೋಗನಿರ್ಣಯ ಈ ವೈದ್ಯರದ್ದು’ ಎಂಬುದು ಗಟ್ಟಿಯಾಗುವುದಿಲ್ಲ. ಬಿಲ್ಲಿಗೆ ಸಾಕು, ಬಯಾಪ್ಸಿ ವರದಿಗೆ ಸಾಲದು.

ವಿಮಾ ಕೌಂಟರಿನವರ, ಸರ್ಕಾರಿ ಗುಮಾಸ್ತರ ಹಟಕ್ಕೂ ಕಾರಣ ಇದೆ. ಎಲೆಕ್ಟ್ರಾನಿಕ್ ದಾಖಲೆಯನ್ನೇ ಸ್ವೀಕರಿಸಿ ಎಂದು ಸರ್ಕಾರಿ ಸಂಸ್ಥೆಯನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ ಎಂದು ಐಟಿ ಕಾಯ್ದೆಯ 9ನೇ ಸೆಕ್ಷನ್ನೇ ಹೇಳಿದೆ. ನಕಲಿ ಬಿಲ್ಲಿನ ಭಯ ಬೇರೆ. ಮೆಡಿಕಲ್ ಅಂಗಡಿಯವರ ಕಷ್ಟ ಇನ್ನೂ ಹತ್ತಿರದ್ದು. ಬಿಗಿ ನಿಯಂತ್ರಣದಲ್ಲಿರುವ ಶೆಡ್ಯೂಲ್ ಎಕ್ಸ್ ಪಟ್ಟಿಯ ಮದ್ದಿಗೆ ಎರಡು ಪ್ರತಿ ಚೀಟಿ ಬೇಕು, ಒಂದನ್ನು 2 ವರ್ಷ ಇಟ್ಟುಕೊಳ್ಳಬೇಕು. ಒಂದೇ ಪಿಡಿಎಫ್ ಚೀಟಿ ತೋರಿಸಿ ಒಬ್ಬರು ಕಂಕನಾಡಿಯಲ್ಲಿ ಒಮ್ಮೆ, ಹಂಪನಕಟ್ಟೆಯಲ್ಲಿ ಒಮ್ಮೆ ನಿದ್ದೆ ಮಾತ್ರೆ ಕೊಂಡರೆ ತಡೆಯುವ ಬಗೆ ಯಾವುದು? ಕಾಗದದ ಚೀಟಿಯ ಹಿಂದೆ ‘ಕೊಡಲಾಗಿದೆ’ ಎಂದು ಸೀಲು ಒತ್ತಬಹುದಿತ್ತು. ಸಹಿ ಎಷ್ಟೇ ಗಟ್ಟಿಯಾಗಿದ್ದರೂ ಈ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ಹಳದಿ ಪ್ರಶ್ನಾರ್ಥಕ ಚಿಹ್ನೆ

ಪಿಡಿಎಫ್‌ನಲ್ಲಿ ಕಾಣುವ ಆ ಚಿಹ್ನೆ ಹೆದರಿಕೆ ಹುಟ್ಟಿಸುತ್ತದೆ, ಆದರೆ ಅದರ ಅರ್ಥ ‘ನಕಲಿ’ ಎಂದಲ್ಲ. ಸಾಮಾನ್ಯವಾಗಿ, ಭಾರತದ ಪ್ರಮಾಣೀಕರಣ ನಿಯಂತ್ರಕರ (ಡಿಜಿಟಲ್ ಸಹಿಯ ಪ್ರಮಾಣಪತ್ರ ಕೊಡುವ ಪ್ರಾಧಿಕಾರಗಳ ಮೇಲಿನ ಸರ್ಕಾರಿ ಅಧಿಕಾರಿ) ಮೂಲ ಪ್ರಮಾಣಪತ್ರವನ್ನು ಆ ಕಂಪ್ಯೂಟರ್ ಇನ್ನೂ ‘ನಂಬಿಕಸ್ತ’ ಎಂದು ಗುರುತಿಸಿಲ್ಲ, ಅಷ್ಟೇ. ಒಮ್ಮೆ ಸೇರಿಸಿದರೆ ಹಸಿರು ಗುರುತು ಬರುತ್ತದೆ. ಇ-ಆಧಾರ್ ತೆರೆದವರಿಗೆ ಇದು ಗೊತ್ತು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳು ಡಿಜಿಟಲ್ ಸಹಿಯಲ್ಲೇ ಬರುತ್ತವೆ, ಸಂಖ್ಯೆ ಹಾಕಿ ಆನ್‌ಲೈನಿನಲ್ಲಿ ಪರಿಶೀಲಿಸಬಹುದು. ತಹಶೀಲ್ದಾರರ ಶಾಯಿ ಎಲ್ಲಿ ಎಂದು ಶಾಲೆಯಲ್ಲಿ ಯಾರೂ ಕೇಳುವುದಿಲ್ಲ. ಆಸ್ಪತ್ರೆ ದಾಖಲೆಗೆ ಅಂಥ ಪರಿಶೀಲನೆಯ ಕಿಂಡಿ ಇದ್ದರೆ ವಿಮೆಯ ಕೌಂಟರಿನ ತಕರಾರು ಬಹುಪಾಲು ಅಲ್ಲೇ ಮುಗಿಯುತ್ತದೆ.

ಇಷ್ಟು ಗೊತ್ತಿರಲಿ: ಡಿಜಿಟಲ್ ಸಹಿ ಇರುವುದು ಫೈಲಿನೊಳಗೆ. ಪ್ರಿಂಟ್ ತೆಗೆದರೆ, ಸ್ಕ್ರೀನ್‌ಶಾಟ್ ಹೊಡೆದರೆ ಸಹಿಯ ಗುರುತು ಮಾತ್ರ ಉಳಿಯುತ್ತದೆ, ಸಹಿ ಉಳಿಯುವುದಿಲ್ಲ. ಆಸ್ಪತ್ರೆ ಕಳುಹಿಸಿದ ಪಿಡಿಎಫನ್ನು ಹಾಗೇ, ಬದಲಿಸದೆ ಇಟ್ಟುಕೊಳ್ಳಬೇಕು. ಬೇರೆ ವೈದ್ಯರಿಗೆ ಕಳುಹಿಸುವಾಗಲೂ ಫೋಟೊ ಬೇಡ, ಆ ಫೈಲನ್ನೇ ಕಳುಹಿಸಬೇಕು.

ಇಂದು ಹುಟ್ಟಿದ ಮಗುವಿನ ಕೇಸ್ ಶೀಟ್

ಡಿಜಿಟಲ್ ಸಹಿಯ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 1ರಿಂದ 3 ವರ್ಷದ ಆಯುಸ್ಸು. ಆಧಾರ್ ಇ-ಸೈನ್‌ನ ಪ್ರಮಾಣಪತ್ರವಂತೂ 30 ನಿಮಿಷ ಮಾತ್ರ ಬದುಕುತ್ತದೆ. ಸಹಿ ಹಾಕಿದ ಕ್ಷಣದಲ್ಲಿ ಅದು ಜೀವಂತವಿದ್ದರೆ ಸಹಿ ಸರಿಯೇ. ಆದರೆ ಆ ಕ್ಷಣ ಯಾವುದು ಎಂದು ಮುಂದೆ ತೋರಿಸಲು ವಿಶ್ವಾಸಾರ್ಹ ಸಮಯಮುದ್ರೆ (ಟೈಮ್ ಸ್ಟ್ಯಾಂಪ್) ಬೇಕು, ಅದನ್ನು ಸಹಿಯ ಜೊತೆಗೇ ಸೇರಿಸಿರಬೇಕು. ದಾಖಲೆ ಮೊದಲಿದ್ದ ರೂಪದಲ್ಲೇ, ತೆರೆದು ಓದಲು ಬರುವಂತೆ ಇರಬೇಕು ಎಂದು ಐಟಿ ಕಾಯ್ದೆಯ 7ನೇ ಸೆಕ್ಷನ್ ಕೇಳುತ್ತದೆ. 2002ರ ನಿಯಮಾವಳಿ ಕೇಳುವುದು 3 ವರ್ಷ ಮಾತ್ರ.

ಹೆರಿಗೆಯಲ್ಲಿ ಉಸಿರುಗಟ್ಟಿದ ಮಗುವೊಂದರ ವಿಷಯಕ್ಕೆ ಬಂದರೆ ಈ ಲೆಕ್ಕ ಹೊಂದುವುದಿಲ್ಲ. ಅಪ್ರಾಪ್ತರ ಸಿವಿಲ್ ದಾವೆಗೆ ಕಾಲಮಿತಿಯ ಎಣಿಕೆ ಶುರುವಾಗುವುದು 18 ತುಂಬಿದ ಮೇಲೆ. ಅಷ್ಟು ಹೊತ್ತಿಗೆ ಆಸ್ಪತ್ರೆ ಸಾಫ್ಟ್‌ವೇರನ್ನು ಎರಡು ಮೂರು ಸಲ ಬದಲಿಸಿರುತ್ತದೆ, ಹೆರಿಗೆ ಮಾಡಿಸಿದ ವೈದ್ಯರು ನಿವೃತ್ತರಾಗಿರುತ್ತಾರೆ, ಅವರ ಪ್ರಮಾಣಪತ್ರ ಮುಗಿದು ಹದಿನೈದು ವರ್ಷ ದಾಟಿರುತ್ತದೆ. ಆ ರಾತ್ರಿ ಮಗುವಿನ ಹೃದಯಬಡಿತ ಎಷ್ಟಿತ್ತು, ಯಾರು ಯಾವಾಗ ನೋಡಿ ಬರೆದರು ಎಂಬುದು ತಾಯಿಗೂ ಬೇಕು, ಆ ವೈದ್ಯರಿಗೂ ಬೇಕು. ಹಳೆಯ ಕಾಗದದ ಕೇಸ್ ಶೀಟ್ ಆಗಿದ್ದರೆ ಗೆದ್ದಲು ತಿನ್ನದಿದ್ದರೆ ಓದಬಹುದಿತ್ತು. ಪರದೆಯ ಮೇಲಿನ ದಾಖಲೆಯನ್ನು ಅಂದಿಗೂ ಓದಲು ಆಗಬೇಕಾದರೆ ಸಮಯಮುದ್ರೆ, ಲಾಗ್, ಫೈಲಿನ ರೂಪ ಮೂರನ್ನೂ ಆಸ್ಪತ್ರೆ ಈಗಲೇ ಎತ್ತಿಡಬೇಕು. ಹಾಗೆ ಮಾಡು ಎಂದು ಹೇಳುವ ಒಂದು ಸಾಲು 2002ರ ನಿಯಮಾವಳಿಯಲ್ಲಿ ಇಲ್ಲ.